ಇರುಳನ್ನು ಅಳೆಯುವ ಎಲೆ

ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದವರು ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಸೀಮೆಗೆ ಬರುತ್ತಿದ್ದಂತೆ ರಸ್ತೆಯ ಆಚೀಚೆ ಕೆಲವು ಹೊಲಗಳಲ್ಲಿ ಸಾಲುಸಾಲಾಗಿ ಬಲ್ಬುಗಳು ಉರಿಯುವುದನ್ನು ನೋಡಿರುತ್ತಾರೆ. ಗೂಟಗಳಿಗೆ ವೈರು ಎಳೆದು, ಅಡಿಗಳ ಲೆಕ್ಕದಲ್ಲಿ ದೀಪ ಇಳಿಬಿಟ್ಟಿರುತ್ತಾರೆ. ಕೆಳಗೆ ಇನ್ನೂ ಮೊಗ್ಗು ಕಾಣದ ಸೇವಂತಿಗೆ ಗಿಡ. ಏಕೆ ಈ ದೀಪ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ: ಹುಳು ಬಾರದಿರಲೆಂದು, ಚಳಿಗೆ ಗಿಡ ಬೆಚ್ಚಗಿರಲೆಂದು, ಬೆಳಕು ಹೆಚ್ಚಾದರೆ ಹೂ ಬೇಗ ಬಿಡುತ್ತದೆಂದು. ಹೆಚ್ಚು ಜನ ನಂಬುವುದು ಮೂರನೆಯ ಉತ್ತರವನ್ನು. ನಿಜ ಅದಕ್ಕೆ ಪೂರ್ತಿ ವಿರುದ್ಧ. ರೈತ ಕರೆಂಟು ಖರ್ಚು ಮಾಡಿ ದೀಪ ಉರಿಸುವುದು ಗಿಡ ಸದ್ಯಕ್ಕೆ ಹೂ ಬಿಡದಿರಲಿ ಎಂದು.

ಹೂ ಮಾರಿಯೇ ಬದುಕುವವರು ಹೂವನ್ನು ತಡೆಯಲು ದುಡ್ಡು ಖರ್ಚು ಮಾಡುವುದೇಕೆ? ಇಷ್ಟು ಮಂದ ಬೆಳಕಿಗೆ ಒಂದು ಗಿಡದ ಹೂ ಬಿಡುವ ಕೆಲಸವನ್ನೇ ನಿಲ್ಲಿಸುವ ಶಕ್ತಿ ಎಲ್ಲಿಂದ ಬಂತು? ಗಿಡದ ಯಾವ ಭಾಗ ಆ ಬೆಳಕನ್ನು ಕಾಣುತ್ತದೆ? ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ಹೋದ ವಿಜ್ಞಾನಿಗಳು ಎಪ್ಪತ್ತು ವರ್ಷ ಅಲೆದಿದ್ದಾರೆ. ಹುಡುಕಾಟದ ಮೊದಲ ದೊಡ್ಡ ಸುಳಿವು ಸಿಕ್ಕಿದ್ದೂ ಸೇವಂತಿಗೆ ಗಿಡದಲ್ಲೇ.

ಋತು ಗೊತ್ತಾಗುವುದು ಹೇಗೆ?

ಸೇವಂತಿಗೆ ಚಳಿಗಾಲಕ್ಕೆ ಸೇರಿದ ಹೂವೆಂದು ನಮಗೆಲ್ಲ ಗೊತ್ತು. ಡಿಸೆಂಬರ್ ಬಂತೆಂದರೆ ಹಳೆಯ ಬಂಗಲೆಗಳ ಬೇಲಿಯಲ್ಲಿ ಪಾಯಿನ್ಸೆಟಿಯಾ ಕೆಂಪಾಗುವುದನ್ನೂ ಕಂಡಿದ್ದೇವೆ. ಗುಲಾಬಿಗೆ ಇಂಥ ಕಟ್ಟುಪಾಡಿಲ್ಲ. ನೀರು, ಗೊಬ್ಬರ, ಬಿಸಿಲು ಸಿಕ್ಕರೆ ವರ್ಷವಿಡೀ ಹೂ ಬಿಡುತ್ತದೆ. ಹಾಗಾದರೆ ಮೊದಲ ಎರಡು ಗಿಡಗಳಿಗೆ ತಿಂಗಳು ಗೊತ್ತಾಗುವುದು ಹೇಗೆ?

ಚಳಿಯಿಂದ ಇರಬೇಕು ಎನ್ನುವುದು ಸಹಜವಾದ ಊಹೆ. ಆದರೆ ಚಳಿಯನ್ನು ನಂಬಿದ ಗಿಡ ಮೋಸಹೋಗುತ್ತದೆ. ಆಗಸ್ಟಿನಲ್ಲಿ ಜಡಿಮಳೆ ಹಿಡಿದು ವಾರವಿಡೀ ತಂಪಾಗಿರಬಹುದು, ನವೆಂಬರಿನಲ್ಲಿ ಸೆಕೆ ಮರಳಬಹುದು. ಮಳೆಯಂತೂ ಯಾರ ಮಾತನ್ನೂ ಕೇಳುವುದಿಲ್ಲ. ವರ್ಷದಿಂದ ವರ್ಷಕ್ಕೆ ಒಂದು ನಿಮಿಷವೂ ತಪ್ಪದೆ ಬರುವುದು ಒಂದೇ, ಹಗಲು ಇರುಳುಗಳ ಉದ್ದ. ಭೂಮಿ ಓರೆಯಾಗಿ ನಿಂತು ಸೂರ್ಯನನ್ನು ಸುತ್ತುವುದರಿಂದ ಆಗುವ ಈ ವ್ಯತ್ಯಾಸ ಎಷ್ಟು ಖಚಿತವೆಂದರೆ, ಒಂದು ಊರಿನ ಹಗಲಿನ ಉದ್ದವೂ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೂ ತಿಳಿದರೆ ತಾರೀಕನ್ನೇ ಹೇಳಬಹುದು.

ನಮ್ಮಲ್ಲಿ ಈ ವ್ಯತ್ಯಾಸ ಚಿಕ್ಕದು. ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನ ಹಗಲು ಸುಮಾರು 11 ಗಂಟೆ 20 ನಿಮಿಷ. ಎರಡಕ್ಕೂ ಒಂದೂವರೆ ಗಂಟೆಯ ಅಂತರ. ಲಂಡನ್ನಿನಲ್ಲಿ ಇದೇ ಅಂತರ ಎಂಟೂವರೆ ಗಂಟೆಗಿಂತ ಹೆಚ್ಚು. ಹಾಗಾಗಿಯೇ ಅಲ್ಲಿನ ಜನ ಹಗಲಿನ ಉದ್ದವನ್ನು ಮಾತುಮಾತಿಗೆ ಎತ್ತುತ್ತಾರೆ, ನಾವು ಗಮನಿಸುವುದೇ ಇಲ್ಲ. ನಾವು ಗಮನಿಸದಿದ್ದರೂ ಗಿಡ ಗಮನಿಸುತ್ತದೆ. ಉಷ್ಣವಲಯದ ಕೆಲವು ಸಸ್ಯಗಳು ಕಾಲು ಗಂಟೆಯ ವ್ಯತ್ಯಾಸಕ್ಕೂ ಸ್ಪಂದಿಸುತ್ತವೆ.

ಹೂ ಬಿಡದ ಹೊಗೆಸೊಪ್ಪು

ಗಿಡಗಳು ಹಗಲಿನ ಅಳತೆ ಹಿಡಿಯುತ್ತವೆಂದು ಪ್ರಪಂಚ ಒಪ್ಪುವಂತೆ ತೋರಿಸಿದವರು ಅಮೆರಿಕದ ಕೃಷಿ ಇಲಾಖೆಯ ವೈಟ್‌ಮನ್ ಗಾರ್ನರ್ ಮತ್ತು ಹ್ಯಾರಿ ಅಲಾರ್ಡ್. ವಾಷಿಂಗ್ಟನ್ ನಗರದ ಪಕ್ಕದ ಆರ್ಲಿಂಗ್ಟನ್ನಿನಲ್ಲಿ ಅವರ ಪ್ರಯೋಗದ ತೋಟವಿತ್ತು. ಅವರನ್ನು ಕಾಡಿದ್ದು ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ಹೊಗೆಸೊಪ್ಪಿನ ತಳಿ. ಬೇಸಿಗೆಯಲ್ಲಿ ಅದು ಹತ್ತಡಿ ಮೀರಿ ಬೆಳೆಯುತ್ತಿತ್ತು, ನೂರರ ಹತ್ತಿರ ಎಲೆ ಬಿಡುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ಹೂವಿಲ್ಲದಿದ್ದರೆ ಬೀಜವಿಲ್ಲ. ಬೀಜಕ್ಕಾಗಿ ಅದನ್ನು ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬೆಳೆಸಿದಾಗ ಇನ್ನೂ ಮೋಟಾಗಿರುವಾಗಲೇ ಮೊಗ್ಗು ಕಟ್ಟಿತು. ಗಾಜಿನ ಮನೆಯಲ್ಲಿ ಬೆಚ್ಚಗಿತ್ತು, ಮಣ್ಣೂ ಗೊಬ್ಬರವೂ ಒಂದೇ. ಒಂದೊಂದನ್ನೇ ಪರೀಕ್ಷಿಸಿ ಕೈಬಿಡುತ್ತ ಬಂದಾಗ ಉಳಿದದ್ದು ಹಗಲಿನ ಉದ್ದ.

1918ರ ಜುಲೈಯಲ್ಲಿ ಅವರು ಕಿಟಕಿಯಿಲ್ಲದ ಒಂದು ಸಣ್ಣ ಕತ್ತಲೆ ಮನೆ ಕಟ್ಟಿಸಿದರು. ಸಂಜೆ 4 ಗಂಟೆಗೆ ಹೊಗೆಸೊಪ್ಪಿನ ಕುಂಡಗಳನ್ನೂ ಸೋಯಾ ಅವರೆಯ ಪೆಟ್ಟಿಗೆಯೊಂದನ್ನೂ ಒಳಗಿಡುವುದು, ಬೆಳಿಗ್ಗೆ 9ಕ್ಕೆ ಹೊರಗೆ ತರುವುದು. ದಿನಾ ಇದೇ ಕೆಲಸ. ನಡುಬೇಸಿಗೆಯಲ್ಲೇ ಆ ಗಿಡಗಳು ಹೂ ಬಿಟ್ಟವು. ಹೊರಗೇ ಉಳಿದ ಹೊಗೆಸೊಪ್ಪು ಎಲೆ ಬಿಡುತ್ತಲೇ ಇತ್ತು. 1920ರಲ್ಲಿ ಅವರು ಪ್ರಕಟಿಸಿದ ವರದಿಯಿಂದ ‘ಫೋಟೋಪೀರಿಯಾಡಿಸಂ’ ಎಂಬ ಹೆಸರು ಹುಟ್ಟಿಕೊಂಡಿತು. ಈ ಅಧ್ಯಾಯದಲ್ಲಿ ಅದನ್ನು ‘ಹಗಲಳತೆ’ ಎಂದು ಕರೆಯೋಣ. ಹಗಲು ಗಿಡ್ಡವಾದಾಗ ಹೂ ಬಿಡುವ ಸೇವಂತಿಗೆ, ಪಾಯಿನ್ಸೆಟಿಯಾ, ಕಲಾಂಚೊ ಮುಂತಾದವು ಕಿರುಹಗಲಿನ ಗಿಡಗಳು. ಹಗಲು ಉದ್ದವಾದಾಗ ಹೂ ಬಿಡುವ ಜಿಪ್ಸೋಫಿಲಾ, ಕಾರ್ನೇಶನ್ ನಿಡುಹಗಲಿನವು. ಗುಲಾಬಿಯಂಥವು ಎರಡಕ್ಕೂ ಸೇರದವು.

ಅಳೆಯುವುದು ಹಗಲನ್ನಲ್ಲ

ಹೆಸರು ನಿಂತ ಮೇಲೆ ಅದರಲ್ಲೇ ತಪ್ಪಿರುವುದು ಗೊತ್ತಾಯಿತು. 1938ರಲ್ಲಿ ಕಾರ್ಲ್ ಹ್ಯಾಮ್ನರ್ ಮತ್ತು ಜೇಮ್ಸ್ ಬಾನರ್ ಕ್ಸಾಂಥಿಯಂ ಎಂಬ ಕಳೆಗಿಡದ ಮೇಲೆ ಪ್ರಯೋಗ ನಡೆಸಿದರು. ಬಯಲಲ್ಲಿ ನಡೆದು ಬಂದರೆ ಪಂಚೆಗೆ, ಸೀರೆಯ ಅಂಚಿಗೆ ಕೊಕ್ಕೆಮುಳ್ಳಿನ ಕಾಯಿ ಅಂಟಿಸಿ ಕಳಿಸುವ ಗಿಡ ಅದು. ಅದರ ವಿಶೇಷವೆಂದರೆ, ಎಂಟೂವರೆ ಗಂಟೆಗಿಂತ ಉದ್ದವಾದ ಒಂದೇ ಒಂದು ರಾತ್ರಿ ಸಿಕ್ಕರೂ ಸಾಕು, ಹೂ ಬಿಡುವ ತೀರ್ಮಾನ ಆಗಿಹೋಗುತ್ತದೆ.

ಹಗಲಿನ ನಡುವೆ ಗಿಡವನ್ನು ಸ್ವಲ್ಪ ಹೊತ್ತು ಕತ್ತಲಲ್ಲಿಟ್ಟು ನೋಡಿದರು. ಏನೂ ಬದಲಾಗಲಿಲ್ಲ. ರಾತ್ರಿಯ ನಡುವೆ ಕೆಲವು ನಿಮಿಷ ದೀಪ ಹಚ್ಚಿ ಆರಿಸಿದರು. ಹೂ ನಿಂತುಹೋಯಿತು. ಒಟ್ಟು ಕತ್ತಲೆಯ ಹೊತ್ತು ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದರೂ ಕತ್ತಲೆ ತುಂಡಾಗಿತ್ತು. ಗಿಡಕ್ಕೆ ಬೇಕಾದದ್ದು ಎಡೆಬಿಡದ ಕತ್ತಲೆ. ಅದು ಅಳೆಯುತ್ತಿದ್ದುದು ಇರುಳನ್ನು.

ಕತ್ತಲೆ ಮುರಿಯಲು ಯಾವ ಬಣ್ಣದ ಬೆಳಕು ಬೇಕು? ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಹ್ಯಾರಿ ಬೋರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಗಿಡಗಳ ಮೇಲೆ ಹಾಯಿಸಿದರು. ಎಲ್ಲಕ್ಕಿಂತ ಬಲವಾಗಿ ಹೂ ತಡೆದದ್ದು ಕೆಂಪು. ಕೆಂಪು ಬೆಳಕು ಹಾಯಿಸಿದ ಬೆನ್ನಲ್ಲೇ, ನಮ್ಮ ಕಣ್ಣಿಗೆ ಕಂಡೂ ಕಾಣದಂಥ ಕಡುಗೆಂಪು ಬೆಳಕು ಹಾಯಿಸಿದರೆ ತಡೆ ರದ್ದಾಗುತ್ತಿತ್ತು. ಮತ್ತೆ ಕೆಂಪು ಹಾಕಿದರೆ ಮತ್ತೆ ತಡೆ. ಹೀಗೆ ಎಷ್ಟು ಸಲ ಬದಲಿಸಿದರೂ ಕೊನೆಗೆ ಬಿದ್ದ ಬಣ್ಣದ ಮಾತೇ ನಡೆಯುತ್ತಿತ್ತು. ಈ ಎರಡು ಬಣ್ಣಗಳಿಗೂ ತಕ್ಕಂತೆ ರೂಪ ಬದಲಿಸುವ ವರ್ಣಕವೊಂದು ಗಿಡದೊಳಗೆ ಇರಲೇಬೇಕೆಂದು ಅವರು ತರ್ಕಿಸಿದರು. 1959ರಲ್ಲಿ ಅದು ಸಿಕ್ಕಿತು. ಅದೇ ಫೈಟೋಕ್ರೋಮ್. ಕೆಂಪು ಬೆಳಕು ಅದನ್ನು ಚುರುಕಿನ ರೂಪಕ್ಕೆ ತಿರುಗಿಸುತ್ತದೆ, ಕಡುಗೆಂಪು ಬೆಳಕು ತೆಪ್ಪಗಿರುವ ರೂಪಕ್ಕೆ ಮರಳಿಸುತ್ತದೆ.

ಚೈಲಾಖ್ಯಾನ್ ಕಿತ್ತ ಎಲೆಗಳು

ಹೂ ಮೂಡುವುದು ಕೊಂಬೆಯ ತುದಿಯಲ್ಲಿ. ಹಾಗಾಗಿ ಹಗಲಿರುಳನ್ನು ಅರಿಯುವುದೂ ತುದಿಯೇ ಇರಬೇಕೆಂದು ಎಂಥವರಿಗೂ ತೋಚುತ್ತದೆ. ಅದನ್ನು ಪರೀಕ್ಷೆಗೊಡ್ಡಿದವರು ಮಾಸ್ಕೋದಲ್ಲಿ ಕೆಲಸ ಮಾಡುತ್ತಿದ್ದ ಅರ್ಮೇನಿಯಾ ಮೂಲದ ಮಿಖಾಯಿಲ್ ಚೈಲಾಖ್ಯಾನ್. 1902ರಲ್ಲಿ ಹುಟ್ಟಿದ ಅವರಿಗೆ ಆಗ ಮೂವತ್ತರ ಮೇಲೆ ಕೆಲವೇ ವರ್ಷ. ಅವರು ಆರಿಸಿಕೊಂಡ ಗಿಡ ಸೇವಂತಿಗೆ. ಅವರ ಪ್ರಯೋಗದಷ್ಟು ಸರಳವೂ ಸುಂದರವೂ ಆದ ಪ್ರಯೋಗಗಳು ಸಸ್ಯವಿಜ್ಞಾನದಲ್ಲಿ ಹೆಚ್ಚಿಲ್ಲ. ಅದಕ್ಕೆ ಬೇಕಾದದ್ದು ಸೇವಂತಿಗೆ ಗಿಡ, ಬೆಳಕು ತೂರದ ಮುಚ್ಚಳ ಮತ್ತು ತಾಳ್ಮೆ.

ಗಿಡದ ಮೇಲರ್ಧದ ಎಲೆಗಳನ್ನೆಲ್ಲ ಅವರು ಕಿತ್ತರು. ಈಗ ಮೇಲೆ ಬೋಳು ತುದಿ, ಕೆಳಗೆ ಎಲೆ. ಕೆಲವು ಗಿಡಗಳಲ್ಲಿ ಎಲೆಯಿರುವ ಕೆಳಭಾಗಕ್ಕೆ ಮಾತ್ರ ದಿನವೂ ಮುಚ್ಚಳ ಹಾಕಿ ಇರುಳನ್ನು ಉದ್ದ ಮಾಡಿದರು. ಬೋಳು ತುದಿ ಬೇಸಿಗೆಯ ಉದ್ದ ಹಗಲಿನಲ್ಲೇ ಉಳಿಯಿತು. ಬೇರೆ ಕೆಲವು ಗಿಡಗಳಲ್ಲಿ ಇದನ್ನೇ ತಿರುವುಮುರುವು ಮಾಡಿದರು. ತುದಿಗೆ ಉದ್ದ ಇರುಳು, ಎಲೆಗಳಿಗೆ ಉದ್ದ ಹಗಲು. ತುದಿಗೇ ಅರಿವಿದ್ದರೆ ಎರಡನೆಯ ಗುಂಪು ಹೂ ಬಿಡಬೇಕಿತ್ತು. ಬಿಟ್ಟದ್ದು ಮೊದಲನೆಯ ಗುಂಪು. ತುದಿ ಯಾವ ಬೆಳಕಿನಲ್ಲಿತ್ತು ಎಂಬುದು ಲೆಕ್ಕಕ್ಕೇ ಬರಲಿಲ್ಲ. ಎಲೆಗಳು ಉದ್ದ ಇರುಳನ್ನು ಕಂಡಿದ್ದವು. ಅಷ್ಟರಿಂದಲೇ, ಇರುಳನ್ನು ಕಾಣದ ತುದಿ ಮೊಗ್ಗಾಯಿತು.

ಅಂದಮೇಲೆ ಎಲೆಯಿಂದ ತುದಿಗೆ ಏನೋ ಹೋಗುತ್ತಿದೆ. ಕಸಿ ಮಾಡಿದಾಗ ಈ ಮಾತು ಇನ್ನಷ್ಟು ಗಟ್ಟಿಯಾಯಿತು. ಉದ್ದ ಇರುಳನ್ನು ಅನುಭವಿಸಿದ ಎಲೆಯನ್ನು ಅನುಭವಿಸದ ಗಿಡಕ್ಕೆ ಕಸಿ ಕಟ್ಟಿದರೆ ಆ ಗಿಡವೂ ಹೂ ಬಿಡುತ್ತಿತ್ತು. 1937ರಲ್ಲಿ ಚೈಲಾಖ್ಯಾನ್ ಆ ಅಜ್ಞಾತ ವಸ್ತುವಿಗೆ ‘ಫ್ಲೋರಿಜೆನ್’ ಎಂದು ಹೆಸರಿಟ್ಟರು. ನಾವು ‘ಹೂಕಾರಕ’ ಎನ್ನೋಣ.

ಆ ಕಾಲದ ಸೋವಿಯತ್ ದೇಶದಲ್ಲಿ ಇಂಥ ಮಾತು ಹೇಳುವುದು ಸುಲಭವಿರಲಿಲ್ಲ. ಸರ್ಕಾರದ ಬೆಂಬಲವಿದ್ದ ಲೈಸೆಂಕೊ ಎಂಬ ಕೃಷಿ ವಿಜ್ಞಾನಿಯ ಬಳಗಕ್ಕೆ ಗಿಡದ ಬೆಳವಣಿಗೆಯ ಬಗ್ಗೆ ತನ್ನದೇ ಸಿದ್ಧಾಂತವಿತ್ತು, ಅದರೊಳಗೆ ಹೂಕಾರಕಕ್ಕೆ ಜಾಗವಿರಲಿಲ್ಲ. ಚೈಲಾಖ್ಯಾನ್ ಅದಕ್ಕಾಗಿ ಹಲವು ವರ್ಷ ತೊಂದರೆ ಅನುಭವಿಸಿದರು. ತಮ್ಮ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಅವರು ತೀರಿಕೊಂಡದ್ದು 1991ರಲ್ಲಿ. ಆಗಲೂ ಹೂಕಾರಕ ಬರೀ ಒಂದು ಹೆಸರಾಗಿಯೇ ಇತ್ತು.

ಎಪ್ಪತ್ತು ವರ್ಷ ಕೈಗೆ ಸಿಗದ ವಸ್ತು

ಇದೆ ಎನ್ನುವುದಕ್ಕೆ ಸಾಕ್ಷಿ ಬೇಕಾದಷ್ಟಿತ್ತು. ಜಪಾನಿನವರು ಅಲಂಕಾರಕ್ಕೆ ಬೆಳೆಸುವ ‘ಅಸಗಾವೊ’ ಎಂಬ ನೀಲಿಹೂವಿನ ಬಳ್ಳಿಯಿದೆ. ಅದರ ಮೊಳಕೆಗೆ ಇನ್ನೂ ಎರಡು ಬೀಜದೆಲೆ ಮಾತ್ರ ಇರುವಾಗ ಒಂದು ಉದ್ದ ಇರುಳು ಕೊಟ್ಟರೂ ಹೂವಿಗೆ ಅಣಿಯಾಗುತ್ತದೆ. ಇರುಳು ಮುಗಿದ ಕೂಡಲೇ ಆ ಬೀಜದೆಲೆಗಳನ್ನು ಚಿವುಟಿದರೆ ಹೂವಿಲ್ಲ. ಕೆಲವು ಗಂಟೆ ಬಿಟ್ಟು ಚಿವುಟಿದರೆ ಹೂ ಬರುತ್ತದೆ. ಆ ಕೆಲವು ಗಂಟೆಗಳಲ್ಲಿ ಯಾವುದೋ ವಸ್ತು ಎಲೆಯಿಂದ ಹೊರಟು ತೊಟ್ಟನ್ನು ದಾಟಿದೆ ಎಂದರ್ಥ. 1950ರ ದಶಕದಲ್ಲಿ ಯಾನ್ ಜೀವಾರ್ಟ್ ಎಂಬ ಡಚ್ ವಿಜ್ಞಾನಿ ಪೆರಿಲ್ಲಾ ಎಂಬ ಕೆಂಪೆಲೆಯ ಗಿಡದ ಒಂದು ಎಲೆಯನ್ನು ಉದ್ದ ಇರುಳು ಕೊಟ್ಟು ಅಣಿಗೊಳಿಸಿ, ಒಂದಾದ ಮೇಲೊಂದರಂತೆ ಏಳು ಗಿಡಗಳಿಗೆ ಕಸಿ ಕಟ್ಟಿದರು. ಏಳೂ ಹೂ ಬಿಟ್ಟವು. ಒಂದೇ ಎಲೆ ತಿಂಗಳುಗಟ್ಟಲೆ ಹೂಕಾರಕ ತಯಾರಿಸುತ್ತಲೇ ಇತ್ತು.

ಆದರೂ ಎಲೆ ಅರೆದು ರಸ ತೆಗೆದು ಬೇರೆ ಗಿಡಕ್ಕೆ ಕೊಟ್ಟರೆ ನಂಬುವಂಥ ಫಲ ಬರಲಿಲ್ಲ. ದಶಕಗಟ್ಟಲೆ ಪ್ರಯೋಗಾಲಯಗಳು ಸೋತವು. ಅಂಥ ವಸ್ತುವೇ ಇಲ್ಲ, ಸಕ್ಕರೆ ಮತ್ತು ಹಾರ್ಮೋನುಗಳ ಏರುಪೇರಿನಿಂದಲೇ ಹೂ ಬರುತ್ತದೆ ಎಂದು ವಾದಿಸುವವರೂ ಹುಟ್ಟಿಕೊಂಡರು. ಈಗ ಹಿಂತಿರುಗಿ ನೋಡಿದರೆ ಸೋಲಿಗೆ ಕಾರಣ ಕಾಣುತ್ತದೆ. ಹುಡುಕುತ್ತಿದ್ದವರ ಮನಸ್ಸಿನಲ್ಲಿದ್ದದ್ದು ಆಗ ಗೊತ್ತಿದ್ದ ಸಸ್ಯ ಹಾರ್ಮೋನುಗಳಂಥ ಪುಟ್ಟ ಅಣು. ಹೂಕಾರಕ ಒಂದು ಪ್ರೋಟೀನು. ಎಲೆಯ ನರಗಳಲ್ಲಿನ ಕೆಲವೇ ಕೋಶಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ತಯಾರಾಗುವಂಥದು.

ದಾರಿ ತೆರೆದದ್ದು ಅರಾಬಿಡಾಪ್ಸಿಸ್ ಎಂಬ, ಸಾಸಿವೆಯ ಕುಟುಂಬದ ಸಣ್ಣ ಗಿಡ. ಅದರಲ್ಲಿ ಹೂ ತಡವಾಗುವ ತಳಿಗಳನ್ನು ಜಾಲಾಡಿದ ಅಮೆರಿಕದ ಮತ್ತು ಜಪಾನಿನ ಎರಡು ತಂಡಗಳು 1999ರಲ್ಲಿ ‘ಎಫ್‌ಟಿ’ ಎಂಬ ಜೀನನ್ನು ಹೊರಗೆಳೆದವು. ಆ ಜೀನು ಎಚ್ಚರಗೊಳ್ಳುವುದು ಎಲೆಯಲ್ಲಿ, ಅದರ ಪರಿಣಾಮ ಕಾಣುವುದು ತುದಿಯಲ್ಲಿ. ಹಾಗಾದರೆ ಪಯಣಿಸುವುದು ಯಾವುದು? 2005ರಲ್ಲಿ ಒಂದು ತಂಡ, ಜೀನಿನ ನಕಲಾದ ಆರ್‌ಎನ್‌ಎ ತುದಿಗೆ ಹೋಗುತ್ತದೆಂದು ಪ್ರಕಟಿಸಿತು. ಪ್ರಪಂಚವೇ ಸಂಭ್ರಮಿಸಿತು. 2007ರಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೇ ವರ್ಷ ಜರ್ಮನಿಯ ಕಲೋನ್‌ನಲ್ಲಿ ಜಾರ್ಜ್ ಕೂಪ್ಲಂಡ್ ತಂಡ ಅರಾಬಿಡಾಪ್ಸಿಸ್‌ನಲ್ಲಿ, ಜಪಾನಿನ ನಾರಾದಲ್ಲಿ ಕೋ ಶಿಮಾಮೊಟೊ ತಂಡ ಭತ್ತದಲ್ಲಿ, ಹೋಗುವುದು ಪ್ರೋಟೀನೇ ಎಂದು ತೋರಿಸಿದವು. ಭತ್ತ ಕಿರುಹಗಲಿನದು, ಅರಾಬಿಡಾಪ್ಸಿಸ್ ನಿಡುಹಗಲಿನದು. ಎರಡರಲ್ಲೂ ಹೂಕಾರಕ ಒಂದೇ ಬಗೆಯ ಪ್ರೋಟೀನು. ಹೆಸರಿಟ್ಟ ಎಪ್ಪತ್ತನೆಯ ವರ್ಷಕ್ಕೆ ಚೈಲಾಖ್ಯಾನರ ಮಾತು ನಿಜವಾಯಿತು.

ತುದಿಯೊಳಗೆ

ಸೇವಂತಿಗೆಯ ಒಂದು ಚಿಗುರನ್ನು ಮುರಿದು, ಸೂಜಿಯಿಂದ ಎಳೆಯೆಲೆಗಳನ್ನು ಒಂದೊಂದೇ ಬಿಡಿಸುತ್ತ ಹೋಗಿ. ಹೊರಗಿನವು ಹಸಿರು, ಒಳಗಿನವು ಬಿಳಿಚು, ಮೈತುಂಬ ರೋಮ. ಇನ್ನು ಬಿಡಿಸಲು ಏನೂ ಇಲ್ಲವೆನ್ನುವಾಗ ಉಳಿಯುವುದು ಬರಿಗಣ್ಣಿಗೆ ಸರಿಯಾಗಿ ಕಾಣದ ಒಂದು ಹನಿ. ಭೂತಗನ್ನಡಿಯಲ್ಲಿ ಅದು ಮಿನುಗುವ ಪುಟ್ಟ ಗುಮ್ಮಟ. ಎಲೆ ಬಿಡುವ ಕಾಲದಲ್ಲಿ ಆ ಗುಮ್ಮಟ ಕಿರಿದು. ಅದರ ಬದಿಯಲ್ಲಿ ಒಂದಾದ ಮೇಲೊಂದು ಎಲೆಯ ಉಬ್ಬು ಏಳುತ್ತಿರುತ್ತದೆ. ಉದ್ದ ಇರುಳುಗಳು ಶುರುವಾಗಿ ಕೆಲವು ದಿನ ಕಳೆದ ಮೇಲೆ ನೋಡಿದರೆ ಗುಮ್ಮಟ ಅಗಲವಾಗಿರುತ್ತದೆ. ಅದರ ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ಸಣ್ಣ ಉಬ್ಬುಗಳು ಏಳುತ್ತವೆ. ಒಂದೊಂದು ಉಬ್ಬೂ ಒಂದೊಂದು ಹೂ. ನಾವು ಒಂದು ಸೇವಂತಿಗೆ ಎಂದು ಮುಡಿಯುವುದು ನೂರಾರು ಕಿರುಹೂಗಳ ಗೊಂಚಲು. ನಾವು ಎಸಳೆನ್ನುವ ಒಂದೊಂದೂ ಒಂದು ಇಡೀ ಹೂವು.

ಈ ಬದಲಾವಣೆ ಆಗಬೇಕಾದರೆ ಎಲೆಯಿಂದ ಸಕ್ಕರೆಯ ಜೊತೆ ಹರಿದು ಬಂದ ಹೂಕಾರಕ ತುದಿಯಲ್ಲಿ ಒಬ್ಬ ಜೊತೆಗಾರನನ್ನು ಸೇರಬೇಕು. ಎಫ್‌ಡಿ ಎಂಬ ಪ್ರೋಟೀನು ಅದು. ಯಾವಾಗಲೂ ತುದಿಯಲ್ಲೇ ಇರುತ್ತದೆ. ಇಬ್ಬರೂ ಕೂಡಿದರೆ ಹೂ ಕಟ್ಟುವ ಜೀನುಗಳು ಎಚ್ಚರಗೊಳ್ಳುತ್ತವೆ. ಒಬ್ಬರೇ ಇದ್ದರೆ ಏನೂ ನಡೆಯದು.

ಇಷ್ಟೇ ಆಗಿದ್ದರೆ ಚಿಕ್ಕಬಳ್ಳಾಪುರದ ಬಲ್ಬು ಹೂಕಾರಕದ ತಯಾರಿಯನ್ನು ನಿಲ್ಲಿಸುತ್ತದೆ ಎಂದು ಹೇಳಿ ಮುಗಿಸಬಹುದಿತ್ತು. ಸೇವಂತಿಗೆ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಜಪಾನಿನ ಸಂಶೋಧಕರು ‘ಕ್ರೈಸಾಂಥಿಮಮ್ ಸೆಟಿಕಸ್ಪೆ’ ಎಂಬ ಕಾಡು ಸೇವಂತಿಗೆಯನ್ನು ಹಿಡಿದು 2013ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಇರುಳು ಗಿಡ್ಡವಾಗಿದ್ದಾಗ, ಇಲ್ಲವೇ ನಡುರಾತ್ರಿ ದೀಪ ಬಿದ್ದಾಗ, ಅದರ ಎಲೆ ಬೇರೆಯದೇ ಪ್ರೋಟೀನು ತಯಾರಿಸುತ್ತದೆ. ರೂಪದಲ್ಲಿ ಹೂಕಾರಕದ ದಾಯಾದಿ, ಕೆಲಸದಲ್ಲಿ ಎದುರಾಳಿ. ಇದನ್ನು ‘ಹೂತಡೆ’ ಎನ್ನೋಣ. ಅದೂ ಎಲೆಯಿಂದ ಹೊರಟು, ಅದೇ ದಾರಿಯಲ್ಲಿ ಹರಿದು, ಅದೇ ತುದಿ ಮುಟ್ಟಿ, ಅದೇ ಎಫ್‌ಡಿಯನ್ನು ತಬ್ಬಿಕೊಳ್ಳುತ್ತದೆ. ತಬ್ಬಿಕೊಂಡು ಸುಮ್ಮನಿರುತ್ತದೆ. ಬಸ್ಸು ನಿಲ್ದಾಣಕ್ಕೆ ಬರುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಟವೆಲ್ ಪಯಣ ಮಾಡುವುದಿಲ್ಲ, ಆದರೆ ಅದಿರುವ ತನಕ ಬೇರೆಯವರು ಕೂರುವಂತಿಲ್ಲ. ತಡವಾಗಿ ಬಂದ ಹೂಕಾರಕ ನಿಂತೇ ಇರಬೇಕಾಗುತ್ತದೆ.

ಎಲೆ ಇರುಳನ್ನು ಅಳೆಯುವ ಬಗೆಯೂ ಇಲ್ಲೇ ತಿಳಿಯುತ್ತದೆ. ಎಷ್ಟೋ ಜೀವಿಗಳಲ್ಲಿರುವಂತೆ ಎಲೆಯ ಕೋಶಗಳಲ್ಲೂ ದಿನದ ಏರಿಳಿತವನ್ನು ನಡೆಸುವ ಒಳಗಡಿಯಾರವಿದೆ. ಹೊತ್ತು ಮುಳುಗಿದ ಹಲವು ಗಂಟೆಗಳ ಮೇಲೆ, ಸೇವಂತಿಗೆಯ ಎಲೆಯಲ್ಲಿ ಒಂದು ಸೂಕ್ಷ್ಮ ವೇಳೆ ಬರುತ್ತದೆ. ಆ ವೇಳೆಯಲ್ಲಿ ಕೆಂಪು ಬೆಳಕು ಬಿದ್ದರೆ ಫೈಟೋಕ್ರೋಮ್ ಚುರುಕಾಗಿ ಹೂತಡೆಯ ಜೀನನ್ನು ಎಬ್ಬಿಸುತ್ತದೆ. ಬೇರೆ ಹೊತ್ತಿನಲ್ಲಿ ಬಿದ್ದರೆ ಅಷ್ಟು ಪರಿಣಾಮವಿಲ್ಲ. ಬೇಸಿಗೆಯಲ್ಲಿ ಇರುಳು ಗಿಡ್ಡ. ಸೂಕ್ಷ್ಮ ವೇಳೆ ಮುಗಿಯುವ ಮೊದಲೇ ಬೆಳಗಾಗುತ್ತದೆ, ಮುಂಜಾವಿನ ಬೆಳಕೇ ಹೂತಡೆಯನ್ನು ಎಬ್ಬಿಸುತ್ತದೆ. ಚಳಿಗಾಲದಲ್ಲಿ ಆ ವೇಳೆ ಪೂರ್ತಿ ಕತ್ತಲಲ್ಲೇ ಕಳೆದುಹೋಗುತ್ತದೆ. ಹೂತಡೆ ಹುಟ್ಟುವುದಿಲ್ಲ, ಹೂಕಾರಕ ಏರುತ್ತದೆ, ಜೊತೆಗಾರ ಸಿಗುತ್ತಾನೆ, ತುದಿ ಮೊಗ್ಗಾಗುತ್ತದೆ. ಹೊಲದ ಬಲ್ಬು ಮಾಡುವುದು ಆ ಸೂಕ್ಷ್ಮ ವೇಳೆಯಲ್ಲಿ ಎಲೆಗೆ ಸುಳ್ಳು ಬೆಳಗನ್ನು ತೋರಿಸುವ ಕೆಲಸ.

ನಮ್ಮ ಹೊಲದ ಲೆಕ್ಕ

ಇಂಗ್ಲೆಂಡ್, ಹಾಲೆಂಡ್‌ಗಳಲ್ಲಿ ಸೇವಂತಿಗೆ ಬೆಳೆಯುವವರು ಬೇಸಿಗೆಯಲ್ಲಿ ಹೂ ಬೇಕೆಂದರೆ ಗಾಜಿನ ಮನೆಗೆ ಸಂಜೆಯೇ ಕರಿಪರದೆ ಎಳೆಯಬೇಕು. ನಮಗೆ ಪರದೆಗಿಂತ ದೀಪದ ಅಗತ್ಯವೇ ಹೆಚ್ಚು. ಬಹುಪಾಲು ವಾಣಿಜ್ಯ ತಳಿಗಳು ಹಗಲು ಹದಿಮೂರೂವರೆ, ಹದಿನಾಲ್ಕು ಗಂಟೆಗಿಂತ ಕಡಿಮೆಯಾದರೆ ಮೊಗ್ಗಿಗೆ ಹೊರಡುತ್ತವೆ. ನಮ್ಮ ಹಗಲು ಜೂನ್‌ನಲ್ಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಅಂದರೆ ಈ ತಳಿಗಳಿಗೆ ಬೆಂಗಳೂರಿನಲ್ಲಿ ವರ್ಷವೆಲ್ಲ ಉದ್ದ ಇರುಳೇ. ಸುಮ್ಮನೆ ನೆಟ್ಟುಬಿಟ್ಟರೆ ಗೇಣುದ್ದ ಬೆಳೆಯುವಷ್ಟರಲ್ಲಿ ಮೊಗ್ಗು ಕಟ್ಟಿ ನಿಲ್ಲುತ್ತವೆ. ಕವಲೊಡೆಯದ, ಮೋಟು ಗಿಡದಲ್ಲಿ ನಾಲ್ಕು ಹೂ ಬಂದರೆ ಕೂಲಿಯೂ ಗಿಟ್ಟುವುದಿಲ್ಲ. ಕಾಂಡಸಹಿತ ಮಾರುವ ಹೂವಿಗಂತೂ ಎರಡಡಿಯಾದರೂ ಉದ್ದ ಬೇಕು. ಅದಕ್ಕೇ ನೆಟ್ಟ ಮೇಲೆ ಕೆಲವು ವಾರ ದೀಪ ಹಾಕಿ, ಹೂತಡೆ ಹರಿಯುವಂತೆ ನೋಡಿಕೊಂಡು, ಗಿಡ ಎತ್ತರವೂ ದಟ್ಟವೂ ಆದಮೇಲೆ ದೀಪ ಆರಿಸುತ್ತಾರೆ. ಅಲ್ಲಿಂದ ತಳಿಗನುಸಾರ 6ರಿಂದ 15 ವಾರಕ್ಕೆ ಹೂ. ವರಮಹಾಲಕ್ಷ್ಮಿ, ಗಣೇಶನ ಹಬ್ಬ, ದಸರಾ ಯಾವುದಕ್ಕೆ ಹೂ ಬೇಕೋ ಅಲ್ಲಿಂದ ಹಿಂದಕ್ಕೆ ಎಣಿಸಿ ದೀಪ ಆರಿಸುವ ದಿನವನ್ನು ಗೊತ್ತುಮಾಡಬಹುದು. ಜಪಾನಿನ ಐಚಿ ಪ್ರಾಂತ್ಯದ ತಹಾರಾ ಸೀಮೆ ಇಂಥ ದೀಪದ ಸೇವಂತಿಗೆಗೇ ಹೆಸರುವಾಸಿ.

ಎಲೆಯ ಮರ್ಮ ತಿಳಿದವರು ಕರೆಂಟನ್ನೂ ಉಳಿಸಬಹುದು. ಬೆಳಕನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ ನಡುಹಗಲ ಬಿಸಿಲು ಒಂದು ಲಕ್ಷ ಮುಟ್ಟುತ್ತದೆ. ಸೇವಂತಿಗೆಯ ಹೂ ತಡೆಯಲು ಎಲೆಯ ಮೇಲೆ 100 ಲಕ್ಸ್ ಬಿದ್ದರೆ ಸಾಕು. ಹುಣ್ಣಿಮೆಯ ಬೆಳದಿಂಗಳು 1 ಲಕ್ಸ್ ಕೂಡ ಇಲ್ಲ, ಅದರಿಂದ ಗಿಡಕ್ಕೆ ಬಾಧೆಯಿಲ್ಲ. ಮುಸ್ಸಂಜೆಯಲ್ಲಿ ಉರಿಸಿದ ದೀಪಕ್ಕಿಂತ ರಾತ್ರಿ 10ರಿಂದ 2ರವರೆಗೆ ಉರಿಸಿದ ದೀಪ ಹೆಚ್ಚು ಫಲ ಕೊಡುತ್ತದೆ, ಸೂಕ್ಷ್ಮ ವೇಳೆ ಇರುವುದು ಅಲ್ಲೇ. ಆ ನಾಲ್ಕು ಗಂಟೆಯೂ ಎಡೆಬಿಡದೆ ಉರಿಸಬೇಕೆಂದಿಲ್ಲ. ಪ್ರತಿ ಅರ್ಧ ಗಂಟೆಗೆ ಆರೇಳು ನಿಮಿಷದಂತೆ ಬಿಟ್ಟುಬಿಟ್ಟು ಉರಿಸುವ ಪದ್ಧತಿಯೂ ಕೆಲಸ ಮಾಡುತ್ತದೆ. ಎಲ್ಇಡಿ ಕೊಳ್ಳುವವರು ಕೆಂಪು ಬೆಳಕು ಸಾಕಷ್ಟಿರುವ ದೀಪ ಆರಿಸಿಕೊಳ್ಳಬೇಕು, ಕೆಂಪು ಇಲ್ಲದ ನೀಲಿಬೆಳಕಿಗೆ ಕೊಟ್ಟ ದುಡ್ಡು ದಂಡ. ಕರೆಂಟು ಒಂದು ರಾತ್ರಿ ಕೈಕೊಟ್ಟರೆ ಗಾಬರಿ ಬೇಡ. ಸಾಲಾಗಿ ಹಲವು ರಾತ್ರಿ ಹೋದರೆ ಮೊಗ್ಗು ಹೊರಟೀತು, ಆಮೇಲೆ ದೀಪ ಹಚ್ಚಿದರೂ ಗಿಡ ಸರಿಯಾಗಿ ಹಿಂದಿರುಗದು.

ದೀಪದಷ್ಟೇ ಮುಖ್ಯವಾದದ್ದು ಎಲೆ. ಪೂರ್ತಿ ಬಿಚ್ಚಿಕೊಂಡ ಹರೆಯದ ಎಲೆಗಳೇ ಇರುಳನ್ನು ಚೆನ್ನಾಗಿ ಅಳೆಯುವವು. ಎಲೆಚುಕ್ಕೆ ರೋಗ ಬಂದು ಕೆಳಗಿನಿಂದ ಎಲೆ ಉದುರುತ್ತಿದ್ದರೂ ತುದಿ ಹಸಿರಾಗಿದೆಯಲ್ಲ ಎಂದು ಸುಮ್ಮನಿರುವವರಿದ್ದಾರೆ. ಹಾಗಿರಬಾರದು. ತುದಿಗೆ ತಾನಾಗಿ ಏನೂ ಗೊತ್ತಿಲ್ಲ. ಎಲೆ ಹೋದರೆ ಆಹಾರವೂ ಹೋಯಿತು, ಹೂವಿನ ಸಂದೇಶವೂ ಹೋಯಿತು.

ಮನೆಯಲ್ಲಿ ಕುಂಡದ ಗಿಡ ಸಾಕಿದವರಿಗೂ ಇದೇ ಮಾತು. ಬಾಲ್ಕನಿಯ ಪಾಯಿನ್ಸೆಟಿಯಾ ಡಿಸೆಂಬರಿನಲ್ಲೂ ಹಸಿರಾಗಿಯೇ ಉಳಿದರೆ ಗೊಬ್ಬರ ಸುರಿಯುವ ಮೊದಲು ರಾತ್ರಿ ಹೊತ್ತು ಅದರ ಮೇಲೆ ಬೀದಿದೀಪದ ಬೆಳಕು ಬೀಳುತ್ತಿದೆಯೇ ನೋಡಿ. ಬೀಳುತ್ತಿದ್ದರೆ ಮುಂದಿನ ವರ್ಷ ಅಕ್ಟೋಬರ್ ಮೊದಲ ವಾರದಿಂದ ಎರಡು ತಿಂಗಳು ಸಂಜೆ 5ಕ್ಕೆ ಕುಂಡದ ಮೇಲೆ ಬೆಳಕು ತೂರದ ದಪ್ಪ ರಟ್ಟಿನ ಪೆಟ್ಟಿಗೆ ಕವುಚಿ, ಬೆಳಿಗ್ಗೆ 8ಕ್ಕೆ ತೆಗೆಯಿರಿ; ಹಗಲು ಒಳ್ಳೆಯ ಬಿಸಿಲಿಗಿಡಿ. ನಡುವೆ ಇಣುಕಿ ನೋಡಲು ದೀಪ ಹಾಕಬೇಡಿ.